ಕೂಲರ್ ಹಿಂದಿನ ವೈಫೈ ಡಬ್ಬಿ

ರಾಯಚೂರಿನ ಬಿಸಿಲೆಂದರೆ ಹುಡುಗಾಟವಲ್ಲ ಬಿಡಿ. ಶಿವರಾತ್ರಿ ಮುಗಿಯುವುದೇ ತಡ, ಮನೆಮನೆಯಲ್ಲೂ ತಗಡಿನ ಕೂಲರ್ ಅಟ್ಟದಿಂದ ಇಳಿಯುತ್ತದೆ. ಶಿವಗಂಗಾ ಕೂಡ ಇಳಿಸಿದಳು. ಇಳಿಸಿದವಳು ಸುಮ್ಮನಿದ್ದಳೇ? ಮೇಜಿನ ಮೇಲಿನ ವೈಫೈ ಡಬ್ಬಿಯನ್ನು ಮುಟ್ಟಿ ನೋಡಿದಳು. ಕೈ ಸುಡುವಷ್ಟು ಕಾದಿತ್ತು. ‘ಪಾಪ, ಇದಕ್ಕೂ ಸೆಕಿ ಆಗ್ತದ’ ಎಂದು ಅದನ್ನೊಯ್ದು ಕೂಲರಿನ ಹಿಂದಿನ ಗೋಡೆಗೂಡಿನಲ್ಲಿ ತಂಪಾಗಿ ಕೂರಿಸಿದಳು.

ಮದುವೆ ಆಲ್ಬಮ್ ಜೋಡಿಸುವುದು ಅವಳ ಕೆಲಸ. ಗಂಡ ಉದಯಕುಮಾರ ದೇವದುರ್ಗ, ಮಾನ್ವಿ ಎಂದು ಮದುವೆ ಮನೆಗಳಿಗೆ ತಿರುಗಿ ಫೋಟೋ ತೆಗೆಯುವವನು. ಅವನ ಕಂಪ್ಯೂಟರ್ ಮಹಡಿಯ ಮೇಲೆ, ಇವಳದು ಕೆಳಗೆ. ಮೊದಲೆಲ್ಲ ಅವನು ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇಳಿದು ಬರುತ್ತಿದ್ದ. ಬಂದವನು ಚಹಾ ಕುಡಿಯುತ್ತ, ಯಾವ ಮದುಮಗ ನಗಲೇ ಇಲ್ಲ, ಯಾವ ಬೀಗರು ಹೋಳಿಗೆ ಸಿಗಲಿಲ್ಲವೆಂದು ಮುನಿಸಿಕೊಂಡರು ಎಂದು ಹರಟುತ್ತಿದ್ದ. ವೈಫೈ ಬಂತು ನೋಡಿ, ಫೋಟೋಗಳು ತಾವೇ ಕೆಳಗಿನ ಕಂಪ್ಯೂಟರಿಗೆ ಬರತೊಡಗಿದವು, ಗಂಡ ಬರುವುದು ನಿಂತಿತು. ರಾತ್ರಿ ಊಟಕ್ಕಷ್ಟೇ ಬಂದು, ಮೊಬೈಲ್ ನೋಡುತ್ತ ಉಂಡು, ಎದ್ದು ಹೋಗುತ್ತಿದ್ದ. ಜಗಳವಿಲ್ಲ, ಮುನಿಸಿಲ್ಲ. ಆಡಲು ಮಾತೇ ಉಳಿಯಲಿಲ್ಲ. ಮಗಳು ಮದುವೆಯಾಗಿ ಹೋದ ಮೇಲಂತೂ ಆ ಮನೆಯಲ್ಲಿ ಹಗಲಿಡೀ ಫ್ಯಾನಿನ ಸದ್ದೇ ಸದ್ದು. ಅವಳಿಗೆ ಯಾರಾದರೂ ಬಂದು ಕೂತು ಮಾತಾಡಿದರೆ ಸಾಕು ಅನ್ನಿಸುತ್ತಿತ್ತು.

ಕೂಲರ್ ಇಳಿದ ಮರುದಿನದಿಂದ ಫೋಟೋಗಳು ತೆವಳತೊಡಗಿದವು. ಒಂದು ಮದುವೆ ಪೂರ್ತಿ ಬರಲು ಅರ್ಧ ದಿನ! ಉದಯಕುಮಾರ ಗೊಣಗುತ್ತ ಪೆನ್‌ಡ್ರೈವ್ ಹಿಡಿದು ಮತ್ತೆ ಇಳಿದು ಬಂದ. ಬಂದವನಿಗೆ ಚಹಾ ಸಿಕ್ಕಿತು, ಕೂಲರಿನ ಗಾಳಿ ಸಿಕ್ಕಿತು, ಕೂತ. ಮಾತೂ ಬಂತು.

ವಾರದ ಮೇಲೆ ಅವಳು ಗೂಡನ್ನು ಒರೆಸಲೆಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ತೆವಳುತ್ತಿದ್ದ ಫೋಟೋಗಳು ದಬದಬನೆ ಬಂದು ಬಿದ್ದವು. ‘ಎಲಾ ಇದರ!’ ಎಂದಳು. ಬಾಗಿಲ ಕಡೆ ಒಮ್ಮೆ ನೋಡಿ, ಡಬ್ಬಿಯನ್ನು ಮತ್ತೆ ಕೂಲರಿನ ಹಿಂದೆಯೇ ಇಟ್ಟಳು. ಗಂಡನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ತಪ್ಪೆಂದು ಗೊತ್ತಿತ್ತು. ಆದರೂ ಅವನು ಬರಲಿ ಎಂಬ ಆಸೆ ದೊಡ್ಡದಾಗಿತ್ತು. ಈಚೆಗೆ ಅವನು ಮೆಟ್ಟಿಲ ಮೇಲೆ ನಿಂತು ನಿಂತು ಇಳಿಯುತ್ತಿದ್ದ. ಇವನಿಗೂ ಈಗ ಅವಸರವಿಲ್ಲ ಎಂದು ಹಿಗ್ಗಿದಳು.

ಒಂದು ಮಧ್ಯಾಹ್ನ ಇಂಟರ್ನೆಟ್ ರಿಪೇರಿಯ ಮಾಳಿಂಗಪ್ಪ ಚೀಲ ಹೆಗಲಿಗೇರಿಸಿಕೊಂಡು ಬಂದ. ಮೇಲೆ ನೋಡಿದ, ಕೆಳಗೆ ನೋಡಿದ, ಕೂಲರಿನ ಹಿಂದೆ ಇಣುಕಿ ಜೋರಾಗಿ ನಕ್ಕ.

“ಅಕ್ಕಾರ, ಮುಂದ ತಗಡು, ತಗಡಿನಾಗ ನೀರು. ಸಿಗ್ನಲ್ ಎಲ್ಲಿಂದ ದಾಟಬೇಕ್ರಿ?”

“ಇರ್ಲಿ ಬಿಡಪ್ಪ, ಅಲ್ಲೇ ಇರ್ಲಿ. ನಮಗೇನು ಅವಸರ ಇಲ್ಲ. ನಿನ್ನ ಯಾರು ಕರದ್ರು?”

“ಮ್ಯಾಲಿನ ಸರ್ ಕರದಾರ್ರಿ. ಮೊಣಕಾಲು ಬಾತಾವಂತ. ಪೆನ್‌ಡ್ರೈವ್ ಹಿಡಕೊಂಡು ದಿನಾ ನಾಕೈದು ಸರ್ತಿ ಇಳದು ಹತ್ತೂದ್ರಾಗ ಜೀವ ಹೋಗಾಕತ್ತದ ಅಂದ್ರು. ನಿಮಗ ಗೊತ್ತಿಲ್ಲೇನ್ರಿ?”

ಅವನು ಮೆಟ್ಟಿಲ ಮೇಲೆ ನಿಂತು ನಿಂತು ಇಳಿಯುತ್ತಿದ್ದುದು ಇದಕ್ಕೇ ಎಂದು ಶಿವಗಂಗಾಳಿಗೆ ಈಗ ಹೊಳೆಯಿತು. ಕಂಡವರ ಮುಂದೆ ಹೇಳಿಕೊಂಡಿದ್ದಾನೆ, ತನ್ನ ಮುಂದೆ ಮಾತ್ರ ಬಾಯಿ ಬಿಟ್ಟಿಲ್ಲ. ಸಿಟ್ಟು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು.

“ಗೊತ್ತದ” ಎಂದು ಸುಳ್ಳು ಹೇಳಿದಳು. “ಅದನ್ನ ಛಲೋ ಜಾಗಾ ನೋಡಿ ಹಾಕಿಕೊಡಪ್ಪ.”

ಮಾಳಿಂಗಪ್ಪ ಡಬ್ಬಿಯನ್ನು ಮೆಟ್ಟಿಲ ತಿರುವಿನ ಗೋಡೆಗೆ ಮೊಳೆ ಹೊಡೆದು ಕೂರಿಸಿ ಹೋದ. ದೇವದುರ್ಗದ ಮದುವೆಯ ಇನ್ನೂರು ಫೋಟೋಗಳು, ಅವಳು ಚಹಾ ಸೋಸುವಷ್ಟರಲ್ಲಿ ಬಂದು ಕೂತವು. ರೂಢಿಯಂತೆ ಎರಡು ಕಪ್ಪಿಗೆ ಸೋಸಿದ್ದಳು. ಕಾದಳು. ಮೆಟ್ಟಿಲ ಮೇಲೆ ಸಪ್ಪಳವಿಲ್ಲ. ಅವಳ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು, ಒಂದು ಕಪ್ಪು ಎತ್ತಿಕೊಂಡು ತಾನೇ ಹತ್ತಿದಳು.

ಬಾಗಿಲಲ್ಲಿ ಅವಳನ್ನು ಕಂಡು ಉದಯಕುಮಾರ ಗಾಬರಿಯಾದ.

“ಯಾಕ, ಫೋಟೋ ಬಂದಿಲ್ಲೇನು?”

“ಬಂದಾವ.”

“ಮತ್ತ?”

“ಸುಮ್ಮನ ಬಂದೆ.”

ಅವನು ಚಹಾ ಇಸಿದುಕೊಂಡ.

“ಕುಂದ್ರು” ಅಂದ. ಅಂದ ಮೇಲೆಯೇ ಸುತ್ತ ನೋಡಿದ. ಆ ಕೋಣೆಯಲ್ಲಿ ಇದ್ದುದು ಅವನು ಕೂತಿದ್ದ ಕುರ್ಚಿ ಒಂದೇ.