ಅವ್ವ ಕರೆಯುವಷ್ಟರಲ್ಲಿ ಗೆಲ್ಲಬೇಕು

ಏಳೇ ಏಳು ನಡೆ. ತಹಶೀಲ ಕಚೇರಿಯ ಶಿರಸ್ತೇದಾರರು ಸೋತುಬಿಟ್ಟಿದ್ದರು.

ಅವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಬೋರ್ಡನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ನಜರ್ ತಪ್ಪಿತ್ರಿ ಮೇಡಂ, ಇನ್ನೊಮ್ಮೆ ಆಡೂಣ ಬರ್ರಿ" ಅಂದರು. ಟೂರ್ನಮೆಂಟಿನಲ್ಲಿ ಇನ್ನೊಮ್ಮೆ ಅನ್ನುವುದು ಎಲ್ಲಿರುತ್ತದೆ? ಕುರ್ಚಿ ಜೋರಾಗಿ ಹಿಂದೆ ಸರಿಸಿ ಎದ್ದು ಹೋದರು.

ಕಳೆದ ಭಾನುವಾರದ ಮಾತು. ಹುಮನಾಬಾದಿನ ಒಂದು ಶಾಲೆಯ ಹಾಲ್‌ನಲ್ಲಿ ನೌಕರರ ಚೆಸ್ ಸ್ಪರ್ಧೆ ಇತ್ತು. ಹೆಸರು ಕೊಟ್ಟವರಲ್ಲಿ ಹೆಂಗಸು ನಾನೊಬ್ಬಳೇ. ಮೂರು ಸುತ್ತು ಗೆದ್ದೆ. ಮೂರೂ ಸೇರಿ ಅರ್ಧ ತಾಸು ಹಿಡಿದಿರಲಿಕ್ಕಿಲ್ಲ.

ಜಾಣೆ ಅಂದುಕೊಳ್ಳಬೇಡಿ. ಅದು ಬರೀ ಬಲೆ. ನನ್ನ ಕುದುರೆಯನ್ನು ಎತ್ತಿ, ವಜೀರನನ್ನು ಅನಾಥನಂತೆ ಎದುರಾಳಿಯ ಒಂಟೆಯ ಬಾಯಿಗೆ ಬಿಟ್ಟುಬಿಡುತ್ತೇನೆ. (ಇಂಗ್ಲಿಷಿನವರು ಈ ಕಾಯಿಯನ್ನು ರಾಣಿ ಅನ್ನುತ್ತಾರೆ. ನಮ್ಮ ಕಡೆ ಅದೂ ಗಂಡಸೇ.) ಎದುರಿನವರ ಕಣ್ಣು ಹೊಳೆಯುತ್ತದೆ. ವಜೀರನನ್ನು ಹೊಡೆಯುತ್ತಾರೆ. ಆಮೇಲೆ ಒಂಟೆಯಿಂದ ಒಂದು ಶಹ್, ಎರಡನೇ ಕುದುರೆಯಿಂದ ಮಾತ್. ಪುಕ್ಕಟೆ ಸಿಕ್ಕ ವಜೀರನನ್ನು ಬಿಟ್ಟ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಇದನ್ನು ಕಲಿಸಿದವನು ನನ್ನ ಅಣ್ಣ. ನಮ್ಮ ತವರು ಮಂಠಾಳ. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಬೋರ್ಡು ಹಾಸಿ ಕೂರುತ್ತಿದ್ದೆವು. ಅಣ್ಣನಿಗೆ ಆಟ ಮುಗಿಯುವ ತನಕ ಪುರುಸೊತ್ತು. ನನಗೆ ಅವ್ವ ಕರೆಯುವ ತನಕ. ಹತ್ತನೇ ನಡೆಗೆ ಒಳಗಿನಿಂದ ಕೂಗು ಬರುತ್ತಿತ್ತು. ಹಿಟ್ಟು ನಾದು, ನೀರು ತುಂಬು, ಒಣಹಾಕಿದ ಮೆಣಸಿನಕಾಯಿ ತಗಿ. ಅರ್ಧಕ್ಕೆ ಬಿಟ್ಟ ಆಟಗಳು ಎಷ್ಟೋ. ಕೊನೆಗೆ ಅಣ್ಣನಿಗೇ ಕನಿಕರ ಬಂತು. ಎಲ್ಲಿಂದಲೋ ರಟ್ಟು ಹರಿದ ಒಂದು ಪುಸ್ತಕ ತಂದ. "ನಿನಗ ಟೈಮ್ ಸಿಗಂಗಿಲ್ಲ. ಜಲ್ದಿ ಗೆಲ್ಲೋದು ಕಲಿ" ಅಂದ. ನಾಲ್ಕು ನಡೆಯದೊಂದು, ಏಳು ನಡೆಯದೊಂದು, ಒಂಬತ್ತರದೊಂದು. ಬಾಯಿಪಾಠ ಮಾಡಿದೆ.

ತೊಂಬತ್ತರ ಸುಮಾರಿಗೆ ಹುಮನಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದೆ. ಮನೆ ಬಸವಕಲ್ಯಾಣದಲ್ಲಿ. ದಿನಾ ಬಸ್ಸು. ಅಲ್ಲಿಯೂ ಊಟದ ಅರ್ಧ ತಾಸಿನಲ್ಲೇ ಚೆಸ್. ರೊಟ್ಟಿ ತಿಂದು ಉಳಿದ ಹದಿನೈದು ನಿಮಿಷದಲ್ಲಿ ಒಬ್ಬರನ್ನು ಸೋಲಿಸಿ ಮತ್ತೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ. ವರ್ಷ ಕಳೆದಂತೆ ಟ್ರಂಕ್ ಕಾಲ್ ಹೋಯಿತು, ಕೆಲವರ ಜೇಬಿಗೆ ಮೊಬೈಲೂ ಬಂತು. ನನ್ನ ಅರ್ಧ ತಾಸು ಮಾತ್ರ ಅರ್ಧ ತಾಸಾಗಿಯೇ ಉಳಿಯಿತು.

ಇರಲಿ. ಫೈನಲ್‌ಗೆ ಬರುತ್ತೇನೆ.

ಎದುರಾಳಿ ಚಿಟಗುಪ್ಪದ ವೀರಭದ್ರಪ್ಪನವರು. ಕಂಪೌಂಡರ್, ರಿಟೈರ್ ಆಗಲು ಇನ್ನು ಕೆಲವೇ ತಿಂಗಳು. ಅವರ ಸೆಮಿಫೈನಲ್ ಮುಗಿಯುವಷ್ಟರಲ್ಲಿ ನನಗೆ ಕೂತಲ್ಲೇ ಎರಡು ಸಲ ತೂಕಡಿಕೆ ಬಂದಿತ್ತು. ನಮ್ಮ ಆಟ ಶುರುವಾದಾಗ ಎರಡು ಗಂಟೆ. ಸಂಜೆ ಆರಕ್ಕೆ ನಮ್ಮ ಮನೆಗೆ ಕೊಹಿನೂರಿನಿಂದ ಯಜಮಾನರ ಕಾಕಾ, ಅವರ ಮನೆಯವರೆಲ್ಲ ಊಟಕ್ಕೆ ಬರುವವರಿದ್ದರು. ನಾಲ್ಕಕ್ಕೆಲ್ಲ ಮನೆಯಲ್ಲಿರುತ್ತೇನೆ ಅಂತ ಹೇಳಿ ಬಂದಿದ್ದೆ. ಚಿಂತೆ ಏನು, ಏಳು ನಡೆ ತಾನೆ?

ಐದನೇ ನಡೆಗೆ ಬಲೆ ಬೀಸಿದೆ. ಕುದುರೆ ಎತ್ತಿದೆ. ವಜೀರನನ್ನು ಬಿಟ್ಟೆ.

ವೀರಭದ್ರಪ್ಪನವರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಹತ್ತು ನಿಮಿಷ ಬೋರ್ಡು ನೋಡಿದರು. ಆಮೇಲೆ ನನ್ನ ವಜೀರನ ಕಡೆ ತಿರುಗಿಯೂ ನೋಡದೆ, ತಮ್ಮ ಕುದುರೆಯಿಂದ ನನ್ನ ಕುದುರೆಯನ್ನು ಹೊಡೆದರು.

ಅವರ ಆ ಕುದುರೆ ಅಲ್ಲಿ ಕಾವಲು ನಿಂತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಇಷ್ಟು ವರ್ಷ ನೋಡುವ ಗರಜೇ ಬಿದ್ದಿರಲಿಲ್ಲ ನೋಡಿ!

"ಈ ಚಾಲಿಗೆ ನಾನೂ ಒಮ್ಮೆ ಬಿದ್ದೀನಿ ತಂಗಿ. ಹರೇದಾಗ" ಅಂದರು ಅವರು. ಚುಚ್ಚಿ ಹೇಳಿದ್ದಲ್ಲ. ಹಳೇ ಜ್ವರದ ಸುದ್ದಿ ಹೇಳುವಂತೆ ಹೇಳಿದರು.

ಈಗ ಏನು ಮಾಡಬೇಕು? ನಿಜ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಚೆಸ್ ಆಡುತ್ತಿದ್ದೇನೆ ಅಂದುಕೊಂಡವಳಿಗೆ ಹತ್ತನೇ ನಡೆಯಿಂದ ಆಚೆಗಿನ ಊರೇ ಗೊತ್ತಿರಲಿಲ್ಲ. ನನ್ನ ಆನೆಗಳು ಮೂಲೆ ಬಿಟ್ಟು ಹೊರಗೆ ಬಂದದ್ದೇ ಅಪರೂಪ. ಅವುಗಳನ್ನು ಎಲ್ಲಿಗೆ ಕರೆದೊಯ್ಯಬೇಕು? ಪ್ಯಾದೆಗಳನ್ನು ನೂಕಬೇಕೋ ಹಿಡಿದಿಡಬೇಕೋ? ಹೊಸದಾಗಿ ಅಕ್ಷರ ಕಲಿಯುವವರಂತೆ ಒಂದೊಂದೇ ಕಾಯಿ ನೋಡುತ್ತ ಕೂತೆ.

ಮೂರು ಗಂಟೆ ಆಯಿತು. ಒಂದು ಪ್ಯಾದೆ ಗೆದ್ದೆ. ಮೂರೂವರೆಗೆ ಇನ್ನೊಂದು. ಆನೆಯೊಂದು ನಡುವಿನ ಸಾಲಿಗೆ ಬಂದು ನಿಂತಿತು. ವೀರಭದ್ರಪ್ಪನವರು ಬಸಿಗೆ ಸುರಿದುಕೊಂಡ ಚಹಾ ಕುಡಿಯುವುದು ಮರೆತು ಬೋರ್ಡು ನೋಡತೊಡಗಿದರು. ಆಗ ನನಗೆ ಆದದ್ದನ್ನು ಏನೆನ್ನಬೇಕೋ ತಿಳಿಯದು. ಗೆಲ್ಲುತ್ತೇನೆ ಅನ್ನುವ ಖುಷಿಯಲ್ಲ. ಬೆನ್ನು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ಆದರೂ ಏಳುವ ಮನಸ್ಸಿರಲಿಲ್ಲ.

ನಾಲ್ಕು ದಾಟಿತ್ತು. ಶಾಲೆಯ ಜವಾನರು ಬಾಗಿಲಲ್ಲಿ ನಿಂತು, "ಮೇಡಂ, ನಿಮ್ಮ ಮನಿಯಿಂದ ಆಫೀಸಿಗೆ ಫೋನ್ ಬಂದದ್ರಿ. ನಿಮ್ಮ ಯಜಮಾನ್ರು ಲೈನಿನ್ಯಾಗ ಅದಾರ" ಅಂದರು.

ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಶಿರಸ್ತೇದಾರರೂ. (ಸೋತರೂ ಮನೆಗೆ ಹೋಗಿರಲಿಲ್ಲ ಪುಣ್ಯಾತ್ಮರು.)

ವೀರಭದ್ರಪ್ಪನವರು ದನಿ ತಗ್ಗಿಸಿ ಕೇಳಿದರು, "ಡ್ರಾ ಮಾಡೂಣೇನು ತಂಗಿ? ಮನ್ಯಾಗ ಕಾಯಾಕತ್ತಾರ ಕಾಣ್ತದ."

ಅವರ ಬಳಿ ಒಂದು ಕುದುರೆ ಹೆಚ್ಚಿತ್ತು. ಗೆಲ್ಲುವ ಆಟ. ಅದನ್ನು ಅರ್ಧಕ್ಕೆ ಬಿಟ್ಟುಕೊಡಲು ಬಂದಿದ್ದರು. ಒಳ್ಳೆಯ ಮನುಷ್ಯ. ಆದರೆ ನನ್ನ ಕಣ್ಣು ಯಾಕೋ ತುಂಬಿ ಬಂತು. ಮತ್ತೆ ಅರ್ಧ?

"ಬ್ಯಾಡ್ರಿ ಕಾಕಾ. ಆಡ್ರಿ" ಅಂದೆ. ಜವಾನರಿಗೆ, "ಬರೋದು ತಡ ಆಗ್ತದ ಅಂತ ಹೇಳಿ ಇಟ್ಟುಬಿಡ್ರಿ" ಅಂದೆ. ಹದಿನಾಲ್ಕು ವರ್ಷ ಊರ ಮಂದಿಯ ಫೋನೆಲ್ಲ ಎತ್ತಿದವಳು ನಾನು. ಅವತ್ತು ಮನೆಯ ಫೋನ್ ಎತ್ತಲಿಲ್ಲ.

ಐದೂಕಾಲಿಗೆ ಸೋತೆ. ಅವರ ಒಂದು ಪ್ಯಾದೆ ಹೆಜ್ಜೆ ಹೆಜ್ಜೆಯಾಗಿ ಬಂದು ಕೊನೆಯ ಮನೆ ಮುಟ್ಟಿ ವಜೀರನಾಯಿತು. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಏಳುವಾಗ ಇಬ್ಬರೂ ಮೇಜು ಹಿಡಿದೇ ಎದ್ದೆವು. "ಮೊದಲ ನಿಮ್ಮ ಕೈ ಆಡಾಕತ್ತಿತ್ತು. ಆಮ್ಯಾಲೆ ನೀವು ಆಡಿದ್ರಿ" ಅಂದರು ವೀರಭದ್ರಪ್ಪನವರು. ಬಹುಮಾನ ಹಂಚುವವರೆಗೆ ನಾನು ನಿಲ್ಲಲಿಲ್ಲ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಇಳಿದು ಟಂಟಂ ಆಟೋ ಹಿಡಿದು ಮನೆ ಮುಟ್ಟಿದಾಗ ಏಳಾಗುತ್ತ ಬಂದಿತ್ತು. ಕಾಕಾನ ಮನೆಯವರು ಆಗಲೇ ಉಣ್ಣುತ್ತಿದ್ದರು. ಬ್ಯಾಳಿ, ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ. ಎಲ್ಲ ಮಾಡಿದವರು ನಮ್ಮ ಅತ್ತೆ. ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಅವರು ಒಲೆ ಮುಂದೆ ಕೂತವರಲ್ಲ. ಅವತ್ತು ಕೂತಿದ್ದರು.

ಯಜಮಾನರು, "ಫೋನಿಗರೆ ಬರಬೇಕಿತ್ತು" ಅಂದರು, ಅಷ್ಟೆ.

ನಾನು ಸೀರೆ ಸೆರಗು ಸಿಕ್ಕಿಸಿ ಅತ್ತೆಯ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡೆ. ಉಳಿದ ರೊಟ್ಟಿ ಬಡಿದೆ. ನೆಂಟರು ಎದ್ದು ಹೊರಗೆ ಹೋದ ಮೇಲೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ, "ತಪ್ಪಾತ್ರಿ ಅತ್ತಿ" ಅಂದೆ. ಉಪಚಾರಕ್ಕೆ ಹೇಳಿದ ಮಾತಲ್ಲ. ನನಗೆ ಸಿಕ್ಕ ಆ ಮೂರು ತಾಸು ಎಲ್ಲಿಂದ ಬಂದಿತ್ತು? ಈ ಮೊಣಕಾಲಿನಿಂದ. ನಮ್ಮಂಥ ಮನೆಗಳಲ್ಲಿ ಒಬ್ಬ ಹೆಂಗಸಿಗೆ ಪುರುಸೊತ್ತು ಸಿಕ್ಕಿತೆಂದರೆ ಇನ್ನೊಬ್ಬ ಹೆಂಗಸು ಎದ್ದಿದ್ದಾಳೆ ಅಂತಲೇ ಲೆಕ್ಕ.

ಅತ್ತೆ ಕೇಳಿದರು, "ಗೆದ್ದೇನು?"

"ಇಲ್ರಿ. ಸೋತೆ."

"ಸೋಲಾಕ ಇಷ್ಟೊತ್ತು ಬೇಕಾತೇನು?"

ಬೈಗುಳ ಬರುತ್ತದೆ ಅಂತ ತಲೆ ತಗ್ಗಿಸಿದೆ. ಬರಲಿಲ್ಲ. ಅತ್ತೆ, "ಅಷ್ಟೊತ್ತು ಒಂದೇ ಕಡಿ ಕುಂತಿದ್ದೇನು? ಯಾರೂ ಎಬ್ಬಿಸಲಿಲ್ಲ?" ಅಂದರು.

"ಎಬ್ಬಿಸಿದ್ರು. ನಾನೇ ಏಳಲಿಲ್ರಿ."

"ನಾ ಈ ಮನಿಗಿ ಬಂದು ನಲವತ್ತು ವರ್ಷಾತು" ಅಂದರು ಅತ್ತೆ. ಮಾತು ಅಲ್ಲಿಗೇ ನಿಲ್ಲಿಸಿ, ಎಡಗಾಲು ಚಾಚಿದರು. ಇದಕ್ಕೂ ಹಚ್ಚು ಅಂತ.

ಮಾರನೇ ದಿನ ಮತ್ತೆ ಅದೇ ಬಸ್ಸು, ಅದೇ ಎಕ್ಸ್‌ಚೇಂಜು. ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಬೋರ್ಡು ಹಾಸಿ ಕರೆದರು, "ಬರ್ರಿ ಮೇಡಂ, ಫಟಾಫಟ್ ಒಂದು ಆಟ." ಹೋದೆ. ಒಂಬತ್ತೇ ನಡೆಗೆ ಗೆದ್ದೆ. ಅವರು ಭೇಷ್ ಅಂದರು. ನನಗೆ ಮಾತ್ರ ಯಾಕೋ ಬಲು ದಣಿವೆನಿಸಿತು.

ನಿಮ್ಮನ್ನೊಂದು ಕೇಳುತ್ತೇನೆ, ನಿಧಾನವಾಗಿ ಯೋಚಿಸಿ ಹೇಳಿ: ನಿಮ್ಮ ಮನೆಯಲ್ಲಿ ಕೂತು ಸೋಲುವಷ್ಟು ಪುರುಸೊತ್ತು ಯಾರ್‍ಯಾರಿಗಿದೆ?