ಅವ್ವನ ಘಾಟು, ಪೊಲೀಸರ ಘಾಟು

ಕಳೆದ ಮಂಗಳವಾರ ಸಂಜೆ 5.40ಕ್ಕೆ ನಮ್ಮ ಅಪಾರ್ಟ್‌ಮೆಂಟ್ ಇಡೀ ಅತ್ತಿತು. ಯಾರೂ ಸತ್ತಿರಲಿಲ್ಲ.

ನನ್ನ ಡೈರಿಯಲ್ಲಿ ಲೆಕ್ಕವಿದೆ: ನಾನು 22 ಸೀನು, ಅಪ್ಪ 9 (ಬ್ಯಾಂಕಿನವರು, ಸೀನುವುದರಲ್ಲೂ ಉಳಿತಾಯ). ಅವ್ವನದು ಎಣಿಸುವಷ್ಟರಲ್ಲಿ ಬೆಲ್ ಆಯಿತು. 5.44.

ಬಾಗಿಲಲ್ಲಿ ಸೊಸೈಟಿಯ ಸೆಕ್ರೆಟರಿ ಕಾಕಾ. ಬೀದರ್ ಮೂಲದವರು, ನಾವಿರುವ ಈ ಛತ್ರಪತಿ ಸಂಭಾಜಿನಗರದಲ್ಲಿ ಮೂವತ್ತು ವರ್ಷದಿಂದ ಅಂಗಡಿ. ಕಣ್ಣು ಕೆಂಪು, ಮೂಗಿಗೆ ಟವೆಲ್.

"ಬಸ್ ಆತು ವೈನಿ! ಮತ್ತ ಮಿರ್ಚಿ ಹುರದ್ರೇನು?" (ವೈನಿ ಎಂದರೆ ಅತ್ತಿಗೆ; ಅವ್ವನನ್ನು ಹಾಗೇ ಕರೆಯುತ್ತಾರೆ.)

ಸಂಶಯಕ್ಕೆ ಕಾರಣವಿತ್ತು. ನಾವು ಕಲಬುರಗಿಯವರು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡದಿದ್ದರೆ ಅವ್ವನಿಗೆ ಸಮಾಧಾನವಿಲ್ಲ. ಈ ಸಲ ಎರಡು ಬಾರಿ ಹುರಿದಿದ್ದಳು, ಐದು ದೂರು ಬಂದಿದ್ದವು. ಇನ್ನೊಮ್ಮೆ ಘಾಟು ಎದ್ದರೆ ಕಟ್ಟಡದಲ್ಲಿ ಹುರಿಯುವುದೇ ಬಂದ್ ಎಂದು ನೋಟಿಸ್ ಅಂಟಿತ್ತು. ಬಂದ್ ಆದರೆ ಉಳಿದ ಐದು ಕೆಜಿ ಮೆಣಸಿನಕಾಯಿ ಹೊತ್ತು, ಮನ್ಮಾಡ್ ದಾಟಿ, ನಾಶಿಕ್‌ನ ಚಿಕ್ಕಮ್ಮನ ಮನೆಗೆ ಹೋಗಬೇಕು. ಅವ್ವನ ಮಸಾಲೆಗೆ ಕೊತ್ತಂಬರಿ ಜಾಸ್ತಿ ಎನ್ನುವ ಚಿಕ್ಕಮ್ಮ!

"ಒಲಿನೇ ಹಚ್ಚಿಲ್ರೀ ಕಾಕಾ. ಮೆಣಸಿನಕಾಯಿ ಇನ್ನೂ ಟೆರೇಸ್ ಮ್ಯಾಲೆ ಒಣಗ್ಲಿಕತ್ತಾವ," ಎಂದಳು ಅವ್ವ. ಆಮೇಲೆ ಮೂಗು ಅರಳಿಸಿ, "ಇದು ಬ್ಯಾಡಗಿ ಅಲ್ರೀ. ಗುಂಟೂರೂ ಅಲ್ಲ. ಇದರಾಗ ರುಚಿನೇ ಇಲ್ಲ, ಬರೇ ಜಗಳ ಅದ."

ನೂರಕ್ಕೆ ನೂರು ಸರಿ. ಎರಡು ಗಲ್ಲಿ ಆಚೆಯ ಚೌಕದಲ್ಲಿ ಮೆರವಣಿಗೆ ಚದುರಿಸಲು ಪೊಲೀಸರು ಅಶ್ರುವಾಯು ಹಾರಿಸಿದ್ದರು. ಗಾಳಿ ನಮ್ಮ ಕಡೆಗಿತ್ತು.

ಕುತೂಹಲಕ್ಕೆ ಓದಿದೆ. ಅಶ್ರುವಾಯು ವಾಯುವೇ ಅಲ್ಲವಂತೆ! ಸಿಎಸ್ ಎಂಬ ಪುಡಿ. ಡಬ್ಬಿಯ ಬಿಸಿಗೆ ಹೊಗೆಯಾಗಿ ಏಳುತ್ತದೆ. ಒದ್ದೆ ಜಾಗ ಕಂಡರೆ ಹಿಡಿದುಕೊಳ್ಳುತ್ತದೆ: ಕಣ್ಣು, ಮೂಗು, ಗಂಟಲು, ಬೆವರಿದ ಕತ್ತು. ಬೆಂಕಿ ಬಿದ್ದಿದೆ ಎಂದು ನರಗಳಿಗೆ ಸುಳ್ಳು ಹೇಳುತ್ತದೆ. (ಮೆಣಸಿನಕಾಯಿಯೂ ಅದೇ ಸುಳ್ಳು ಹೇಳುತ್ತದೆ. ಆದರೆ ಜೊತೆಗೆ ಎಣ್ಣೆಗಾಯಿ ಕೊಡುತ್ತದೆ.) ಬಯಲಿಗೆ ಹೋದರೆ ಹೆಚ್ಚಿನವರಿಗೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಅಸ್ತಮಾ ಇದ್ದವರಿಗೆ, ಮುಚ್ಚಿದ ಕೋಣೆಯಲ್ಲಿ ಸಿಕ್ಕವರಿಗೆ ಜೀವಕ್ಕೇ ಅಪಾಯ. ಕಣ್ಣು ಉಜ್ಜಬಾರದು, ಧಾರಾಳ ನೀರಿನಲ್ಲಿ ತೊಳೆಯಬೇಕು. (ನಾನು ಉಜ್ಜಿದ್ದು ನಾಲ್ಕು ಸಲ.)

ಕಾನೂನು ಇನ್ನೂ ಮಜಾ. ರಾಸಾಯನಿಕ ಅಸ್ತ್ರಗಳ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಯುದ್ಧದಲ್ಲಿ ಶತ್ರುವಿನ ಮೇಲೆ ಇದನ್ನು ಬಳಸುವಂತಿಲ್ಲ. ನಿಮ್ಮದೇ ಊರಿನಲ್ಲಿ, ನಿಮ್ಮದೇ ಜನರ ಗಲಭೆ ತಡೆಯಲು? ಧಾರಾಳವಾಗಿ. ಒಪ್ಪಿದ ದೇಶಗಳಲ್ಲಿ ನಮ್ಮದೂ ಒಂದು. ಅವ್ವನಿಗೂ ಓದಿ ಹೇಳಿದೆ.

ಭಾನುವಾರ ಸೊಸೈಟಿ ಮೀಟಿಂಗ್. ಡೈರಿ ಓದಿದೆ, ಗಂಟೆ ನಿಮಿಷ ಸಮೇತ. ಕಾಕಾ ಒಪ್ಪಿದರು.

"ಖರೇ, ಮಂಗಳವಾರದ್ದು ವೈನೀದಲ್ಲ, ಪೊಲೀಸ್ರದು. ಆದ್ರ ಪೊಲೀಸ್ರಿಗೆ ನೋಟಿಸ್ ಕೊಡ್ಲಿಕ್ಕ ಆಗ್ತದೇನು?"

ಯಾರಿಗಾದರೂ ಕೊಡಲೇಬೇಕಿತ್ತಲ್ಲ! ಮತ ಹಾಕಿದರು: 11–4. ಹುರಿಯುವುದು ಬಂದ್.

ನಾಶಿಕ್‌ಗೆ ಚೀಲ ಕಟ್ಟುತ್ತ ಅವ್ವ ಕೇಳಿದಳು: "ಯುದ್ಧದಾಗ ಬಂದ್, ಬೀದ್ಯಾಗ ಚಾಲೂ. ನನ್ನ ಅಡಗಿಮನ್ಯಾಗ ಬಂದ್ ಅಂದ್ರ, ನಾ ಏನು ಯುದ್ಧಕ್ಕ ನಿಂತಿದ್ನೇನು?"