ಚೀಟಿಗಳಿಗೊಂದು ಡಬ್ಬ

ಬಾಗಲಗುಂಟೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಹದಿನೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಮೇಜು ನನ್ನದು. ಅದರ ಮೇಲೆ ಯಾವಾಗಲೂ ಚೀಟಿಗಳಿರುತ್ತಿದ್ದವು. ವಾರದ ಪಾಠದ ಯೋಜನೆ ಒಂದು ಕಟ್ಟು, ಮಕ್ಕಳ ವಿಷಯ ಇನ್ನೊಂದು ಕಟ್ಟು. ಯಾರಿಗೆ ಬೋರ್ಡು ಸರಿಯಾಗಿ ಕಾಣುವುದಿಲ್ಲ, ಯಾರು ತಿಂಡಿ ತಿನ್ನದೆ ಬರುತ್ತಾರೆ, ಯಾರಿಗೆ ಎದ್ದು ನಿಂತು ಓದು ಎಂದರೆ ತೊದಲು ಹೆಚ್ಚುತ್ತದೆ, ಎಲ್ಲ ಅದರಲ್ಲಿತ್ತು. ನಾನು ರಜೆ ಹಾಕಿದರೆ ನನ್ನ ತರಗತಿಗೆ ಹೋಗುವವರು ಮೊದಲು ಆ ಕಟ್ಟು ನೋಡಿಕೊಂಡೇ ಹೋಗುತ್ತಿದ್ದರು.

ಈ ವರ್ಷ ಹೊಸ ಆಡಳಿತಾಧಿಕಾರಿ ಬಂದರು. ಒಂದು ದಿನವೂ ಪಾಠ ಮಾಡಿದವರಲ್ಲ. ಅಡ್ಮಿಷನ್ನಿಗೆ ಬರುವ ಪೋಷಕರಿಗೆ ಸ್ಟಾಫ್ ರೂಮೂ ಚೆನ್ನಾಗಿ ಕಾಣಬೇಕೆಂದು ಒಂದು ಶನಿವಾರ, ನಾವೆಲ್ಲ ಮನೆಗೆ ಹೋದ ಮೇಲೆ, ಆಯಾ ಕೈಲಿ ಎಲ್ಲ ಮೇಜುಗಳನ್ನೂ ಖಾಲಿ ಮಾಡಿಸಿದರು. ಭಾನುವಾರ ನನಗೆ ಜ್ವರ. ಅಬ್ಬಿಗೆರೆಯ ಮನೆಯಲ್ಲಿ ಬುಧವಾರದವರೆಗೆ ಮಲಗಿದ್ದು, ಗುರುವಾರ ಶಾಲೆಗೆ ಬಂದರೆ ಮೇಜು ಥಳಥಳ ಹೊಳೆಯುತ್ತಿತ್ತು.

"ನಾನೇನ್ ಮಾಡ್ಲಿ ಮಿಸ್, ಕಸ ಎಲ್ಲಾ ಗುಜ್ರಿಗೆ ಹಾಕು ಅಂದ್ರು," ಎಂದು ಆಯಾ ಅಳುವುದೊಂದು ಬಾಕಿ.

ಅಷ್ಟರಲ್ಲಿ ಹೊಸದಾಗಿ ಸೇರಿದ್ದ ಟೀಚರ್ ನನ್ನ ಹತ್ತಿರ ಬಂದಳು. ಸೋಮವಾರ ನನ್ನ ಐದನೇ ತರಗತಿಗೆ ಹೋದವಳು ಅವಳೇ. ಚೀಟಿ ಹುಡುಕಿದಳಂತೆ, ಸಿಗಲಿಲ್ಲ. ಏನಾದರೂ ಮಾಡಿಸಬೇಕಲ್ಲ ಎಂದು ಪ್ರಬಂಧ ಬರೆಸಿದ್ದಾಳೆ. ವಿಷಯ, 'ನನ್ನ ಅಪ್ಪ'.

ಎರಡನೇ ಬೆಂಚಿನ ಹುಡುಗಿಯ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಪ್ಪನ ಮಾತು ಎತ್ತಬಾರದು, ತಾನಾಗಿ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಬೇಕು ಎಂದು ನಾನು ಬರೆದಿಟ್ಟಿದ್ದ ಚೀಟಿ ಕಟ್ಟಿನ ಮೇಲೇ ಇತ್ತು.

"ನಂಗೆ ಗೊತ್ತಿರ್ಲಿಲ್ಲ ಮೇಡಮ್. ಅವಳು ಪೀರಿಯಡ್ ಪೂರ್ತಿ ಪೆನ್ ಹಿಡ್ಕೊಂಡು ಕೂತಿದ್ಲು. ಯಾಕೆ ಬರೀತಿಲ್ಲ ಅಂತ ನಾನು ಬೈದ್ಬಿಟ್ಟೆ."

ನಾನು ನೇರ ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

"ಅಷ್ಟು ಇಂಪಾರ್ಟೆಂಟ್ ಆಗಿದ್ರೆ ಒಂದು ಡೆಸ್ಕ್ ಆರ್ಗನೈಸರ್ ತಗೊಂಡು ಅದರಲ್ಲಿ ಇಡ್ಬೇಕಿತ್ತು ಮೇಡಮ್. ವೈಟ್ ತಗೊಳ್ಳಿ, ರೂಮಿಗೆ ಮ್ಯಾಚ್ ಆಗುತ್ತೆ."

"ಶಾಲೆಯಿಂದ ಕೊಡಿಸ್ತೀರಾ?"

"ಅದು ಪರ್ಸನಲ್ ಐಟಮ್ ಅಲ್ವಾ?"

ಇನ್ನೊಂದು ನಿಮಿಷ ಅಲ್ಲಿ ನಿಂತಿದ್ದರೆ ಬಾಯಿಂದ ಏನು ಬರುತ್ತಿತ್ತೋ. ಹೊರಗೆ ಬಂದೆ. ಊಟದ ಹೊತ್ತಿನಲ್ಲಿ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, "ತಪ್ಪಾಯ್ತು ಪುಟ್ಟಿ, ನಮ್ಮದೇ ತಪ್ಪು," ಎಂದೆ. ಅವಳು ಟಿಫನ್ ಬಾಕ್ಸಿನ ಮುಚ್ಚಳ ಒತ್ತುತ್ತಾ, "ಪರವಾಗಿಲ್ಲ ಮಿಸ್," ಎಂದಳು. ಹತ್ತು ವರ್ಷದ ಮಗು ದೊಡ್ಡವರಿಗೆ ಸಮಾಧಾನ ಹೇಳುವುದನ್ನು ಆಗಲೇ ಕಲಿತುಬಿಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ಸಂಜೆ ಬಸ್ಸು ಹತ್ತಿ ಯಶವಂತಪುರ ಮಾರ್ಕೆಟ್ಟಿನ ಹಿಂದಿನ ಸ್ಟೇಷನರಿ ಅಂಗಡಿಗೆ ಹೋದೆ. ಚೀಟಿ ಇಡುವ ಡಬ್ಬಕ್ಕೆ ಐನೂರಕ್ಕಿಂತ ಹೆಚ್ಚು ಕೊಡಬಾರದೆಂದು ನಿಶ್ಚಯಿಸಿದ್ದೆ. ಅಂಗಡಿಯ ಸಾಹೇಬರು ಫೋನಿನಲ್ಲಿ ಉರ್ದು ಮಾತಾಡುವುದನ್ನು ನಿಲ್ಲಿಸಿ ಒಂದೊಂದಾಗಿ ತೆಗೆದಿಟ್ಟರು. ಗಾಜಿನಂಥ ಪ್ಲಾಸ್ಟಿಕ್ಕಿನದು ಚೆಂದವಿತ್ತು, ಆದರೆ ಒಳಗಿನ ಚೀಟಿಯನ್ನು ದಾರಿಹೋಕರೂ ಓದಬಹುದು. ರಟ್ಟಿನದು ಮಳೆಗಾಲ ದಾಟುವುದಿಲ್ಲ. ಕಪ್ಪು ಜಾಲರಿಯದಕ್ಕೆ ಮುಚ್ಚಳವೇ ಇಲ್ಲ. ಬಗ್ಗಿಸಿದರೆ ಎಲ್ಲ ನೆಲಕ್ಕೆ.

"ಆಫೀಸಿಗಾ ಮೇಡಮ್? ಲುಕ್ ಬೇಕಂದ್ರೆ ಈ ವೈಟು..."

"ವೈಟ್ ಬೇಡ!" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿಬಿಟ್ಟೆ.

ಅವರು ಬೇಸರಪಡಲಿಲ್ಲ. "ಕೋಪ ನನ್ ಮೇಲಲ್ಲ, ಗೊತ್ತಾಗುತ್ತೆ. ಅದ್ರಲ್ಲಿ ಏನ್ ಇಡ್ತೀರ, ಅದು ಹೇಳಿ ಸಾಕು."

ಹೇಳಿದೆ. ಯಾರೋ ಅಪರಿಚಿತರ ಮುಂದೆ ಹುಡುಗಿಯ ವಿಷಯವನ್ನೂ ಹೇಳಿದೆ. ಅವರು ಏಣಿ ಹತ್ತಿ ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಹಸಿರು ತಗಡಿನ ಡಬ್ಬ ಇಳಿಸಿದರು. ಒಳಗೆ ಆರು ಅಡ್ಡಪಟ್ಟಿ, ಮುಂದೆ ಪೆನ್ನಿಗೆ ಜಾಗ, ಮುಚ್ಚಳಕ್ಕೆ ಚಿಲಕ. ನನ್ನ ಬ್ಯಾಗಿನಲ್ಲಿದ್ದ ಕಾಗದ ಹರಿದು ಒಳಗೆ ಹಾಕಿ, ಕೌಂಟರಿನ ಮೇಲೆ ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಒಂದೂ ಬೀಳಲಿಲ್ಲ. ಹಳೇ ಸ್ಟಾಕ್ ಎಂದು ಮುನ್ನೂರಕ್ಕೆ ಕೊಟ್ಟು, ಸಣ್ಣ ಬೀಗವೊಂದನ್ನು ತಾವಾಗಿಯೇ ಸೇರಿಸಿದರು.

ಶುಕ್ರವಾರ ಆಡಳಿತಾಧಿಕಾರಿ ಸ್ಟಾಫ್ ರೂಮಿಗೆ ಬಂದು ಡಬ್ಬದ ಮುಂದೆ ನಿಂತರು. "ಮೇಡಮ್, ವೈಟ್ ಅಂತ ಹೇಳಿದ್ದೆ."

"ಇದನ್ನ ಯಾರಾದ್ರೂ ಎತ್ತಿದ್ರೆ ಆ ಮಗು ತಾಯಿನ ಕರೆಸ್ತೀನಿ ಸರ್. ಸೋಮವಾರ ಕ್ಲಾಸಲ್ಲಿ ಏನಾಯ್ತು, ಯಾಕಾಯ್ತು ಅಂತ ನೀವೇ ಅವರಿಗೆ ಹೇಳಿ."

ರೂಮಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಹೊಸ ಟೀಚರ್ ಮಾತ್ರ ಎದ್ದು ಬಂದು ನನ್ನ ಪಕ್ಕ ನಿಂತಳು. ಆಡಳಿತಾಧಿಕಾರಿ ಗಡಿಯಾರ ನೋಡಿಕೊಂಡು ಹೊರಟುಹೋದರು.

ಡಬ್ಬವನ್ನು ಇವತ್ತಿನವರೆಗೆ ಯಾರೂ ಮುಟ್ಟಿಲ್ಲ. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಹೊಸ ಟೀಚರ್ ಹತ್ತಿರ. ಮೂವತ್ತೆಂಟು ಮಕ್ಕಳ ಚೀಟಿಗಳನ್ನು ನೆನಪಿನಿಂದ ಮತ್ತೆ ಬರೆಯಲು ಕೂತೆ. ಮೂವತ್ತಾರಾದವು. ಉಳಿದಿಬ್ಬರ ಬಗ್ಗೆ ಏನೋ ಮುಖ್ಯವಾದದ್ದು ಬರೆದಿದ್ದೆ. ಏನೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುತ್ತಿಲ್ಲ. ಹಾಜರಿ ಕರೆಯುವಾಗ ಅವರಿಬ್ಬರ ಮುಖವನ್ನು ಬಿಡದೆ ನೋಡುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.